ಯಾವ ಹಾಡಿಗೆ ಕುಣಿಸೂಣು?

ನವಲಗುಂದ ತಾಲ್ಲೂಕಿನ ತಿರ್ಲಾಪುರ ಎರಿಹೊಲದ ಊರು. ಹಿಂಗಾರಿನ ಕಡಲೆ, ಜೋಳ ಇನ್ನೂ ಹೊಲದಲ್ಲಿರುವಾಗಲೇ ಈ ಸೀಮೆಯ ಸಾಲಿಗಳಲ್ಲಿ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ತಯಾರಿ ಸುರುವಾಗುತ್ತದೆ. ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಮಕ್ಕಳಿಗೆ ಡಾನ್ಸ್ ಕಲಿಸುವ ಅಕ್ಕೋರು. ಇನ್ನೊಬ್ಬರು ಊರಿನ ಭಜನಿ ಮೇಳದಲ್ಲಿ ಪೇಟಿ, ಡಗ್ಗಾ ಎರಡನ್ನೂ ನುಡಿಸಿ ನುರಿತ ಅಜ್ಜ. ಹಾಡು ಆರಿಸುವುದು ಗ್ಯಾದರಿಂಗಿನ ಸಣ್ಣ ಕೆಲಸವೆಂದು ಬಹಳ ಮಂದಿ ತಿಳಿದಿದ್ದಾರೆ. ಇವರಿಬ್ಬರೂ ಹಾಗೆ ತಿಳಿದವರಲ್ಲ.

ಅಕ್ಕೋರು: ಅಜ್ಜಾರ, ಹುಡುಗೂರು ತಮಗ ಬೇಕಾದ ಹಾಡೆಲ್ಲಾ ಆರಿಸಿ ಕೊಟ್ಟಾವ. ಎಲ್ಲಾ ಹೊಸಾ ಸಿನಿಮಾದವು, ಒಂದೀಟು ಡಿಜೆ ರಿಮಿಕ್ಸ್. ಕೇಳಾಕ ಛಲೋ ಅದಾವ, ಆದ್ರ ತಾಲೀಮಿಗೆ ನಿಂತ್ರ ಒಂದೂ ಅವರ ಕಾಲಿಗೆ ಹತ್ತವಲ್ದು.

ಅಜ್ಜ: ಹಾಡು ಆಮ್ಯಾಲೆ ಕೇಳೂಣು. ಕುಣಿಯವರು ಎಷ್ಟನೆತ್ತಿ ಹುಡುಗೂರು?

ಅಕ್ಕೋರು: ಎರಡು ತಂಡ ಅದಾವ್ರಿ. ಒಂದು ಎರಡನೆತ್ತಿ, ಮೂರನೆತ್ತಿ ಸಣ್ಣ ಹುಡುಗೂರು. ಇನ್ನೊಂದು ಏಳನೆತ್ತಿ ಹುಡುಗ್ಯಾರು.

ಅಜ್ಜ: ಹಂಗಾದ್ರ ಎರಡಕ್ಕೂ ಒಂದ ನಮೂನಿ ಹಾಡು ನಡಿಯೂದಿಲ್ಲ. ಒಂದು ಗಡಿಯಾರ ತಗೋರಿ. ಹಾಡು ಹಚ್ಚಿ, ಹದಿನೈದು ಸೆಕೆಂಡಿನ್ಯಾಗ ಎಷ್ಟು ಏಟು ಬೀಳ್ತಾವ ಅಂತ ಚಪ್ಪಾಳಿ ಹೊಡದು ಎಣಿಸ್ರಿ. ಅದನ್ನ ನಾಕರಿಂದ ಗುಣಿಸಿದ್ರ ಆ ಹಾಡಿನ ನಿಮಿಷದ ಲೆಕ್ಕ ಸಿಗ್ತೈತಿ. ದೊಡ್ಡವರು ಸಹಜ ನಡದ್ರ ನಿಮಿಷಕ್ಕ 100ರಿಂದ 120 ಹೆಜ್ಜಿ ಬೀಳ್ತಾವ. ಡಿಜೆ ಹಾಡು ಬಹಳಷ್ಟು 120ರಿಂದ 130ರ ಮ್ಯಾಲ ಓಡ್ತಾವ. ಬರೇ ನಡಿಯಾಕ ಅಂದ್ರ ಅದೂ ಬರೋಬ್ಬರಿನ. ಆದ್ರ ಹೆಜ್ಜಿ ಇಡ್ಕೋತ ಕೈ ಎತ್ತಬೇಕು, ತಿರುಗಬೇಕು, ಬಾಜೂಕಿನವನ ನೋಡಬೇಕು, ಸಾಲು ಕಾಯಬೇಕು. ಏಳೆಂಟು ವರ್ಷದ ಕೂಸಿಗೆ ಅರ್ಧ ಸೆಕೆಂಡಿನ್ಯಾಗ ಇಷ್ಟೆಲ್ಲಾ ಎಲ್ಲಿಂದ ಆಗಬೇಕು?

ಅಕ್ಕೋರು: ಸಣ್ಣವು ಮನ್ಯಾಗ ಜಿಗ್ಯಾಡಿಕೋತ ಇರ್ತಾವಲ್ರಿ. ಜೋರು ಹಾಡ ಬೇಕಂತಾವ.

ಅಜ್ಜ: ಒಬ್ಬ ಜಿಗಿಯೂದು ಬ್ಯಾರೆ, ಎಲ್ಲಾರೂ ಕೂಡಿ ಜಿಗಿಯೂದು ಬ್ಯಾರೆ. ಅವರ ಕಾಲು ಗಿಡ್ಡ, ಹೆಜ್ಜಿ ಸಣ್ಣದು. ಅದಕ್ಕ ತಾವ ಆಡುವಾಗ ನಮಗಿಂತ ಬಿರಬಿರ ಓಡಾಡ್ತಾವ. ಆದ್ರ ಓಡೂದು ಬಂದಷ್ಟು ಬೇಗ ನಿಲ್ಲೂದು ಬರಂಗಿಲ್ಲ. ಜೋರು ಹಾಡ ಇರಲಿ ಬೇಕಾದ್ರ, ನಡುನಡುವ ಗಕ್ಕನ ನಿಲ್ಲೂ ಜಾಗಾ ಇದ್ದದ್ದ ಹುಡಿಕಿ ತಗೀರಿ. ಆ ನಿಂತ ಜಾಗದಾಗ ಅವು ಉಸರು ತಗೋತಾವ, ಸಾಲು ಸರಿ ಮಾಡ್ಕೋತಾವ.

ಅಕ್ಕೋರು: ಫೋನಿನ್ಯಾಗ ಹಾಡಿನ ವೇಗ ಇಳಸಾಕ ಬರ್ತೈತ್ರಿ. ಯೂಟ್ಯೂಬಿನ್ಯಾಗ 0.75 ಇಟ್ರ ಸ್ವರ ಇಳಿಯಂಗಿಲ್ಲ, ಬರೇ ನಿಧಾನ ಆಗ್ತೈತಿ. ತಾಲೀಮಿಗೆ ಹಂಗ ಹಚ್ಚತೀನಿ.

ಅಜ್ಜ: ಹಚ್ಚರಿ, ಛಲೋ ಉಪಾಯ. ಆದ್ರ ಮೊದಲನೇ ವಾರ ಅದೂ ಬ್ಯಾಡ. ಕೈಯಾಗೊಂದು ಕೋಲು ಹಿಡದು ಬೆಂಚಿಗೆ ಬಡದು, ಬಾಯಿಲೆ ಬೋಲ ಹೇಳಿ ಹೆಜ್ಜಿ ಕಲಸ್ರಿ.

ಅಕ್ಕೋರು: ಧಾರವಾಡದಾಗ ಭರತನಾಟ್ಯ ಕಲಿಯುವಾಗ ನಮ್ಮ ಗುರುಗಳೂ ಹಂಗ ಮಾಡ್ತಿದ್ರು. ಕಟ್ಟಿಗಿ ಮ್ಯಾಲ ಕೋಲು ತಟ್ಟಿ ಸೊಲ್ಲು ಹೇಳೂದು. ಒಂದ ಅಡವು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ವೇಗ ಇಮ್ಮಡಿ ಮಾಡ್ಕೋತ ಹೋಗೂದು. ಹಾಡು ಬಂದದ್ದು ಎಷ್ಟೋ ದಿನದ ಮ್ಯಾಲ.

ಅಜ್ಜ: ನೋಡ್ರಿ, ಅದ ಮೂಲ. ಮೊದಲ ದಿನಾನ ಹಾಡು ಹಚ್ಚಿದ್ರ ಹುಡುಗೂರ ಕಿವಿ ಹಾಡುಗಾರನ ದನಿ ಹಿಂದ ಹೋಗ್ತೈತಿ, ತಾಳ ಕೇಳೂದಿಲ್ಲ. ದನಿ ಎಲ್ಲೆಲ್ಲೋ ತೂಗ್ಯಾಡ್ತೈತಿ. ಕಾಲಿಗೆ ಬೇಕಾದದ್ದು ತಳದಾಗಿನ ಏಟು.

ಅಕ್ಕೋರು: ತಾಳದ ಮಾತು ತಗದ್ರಲ್ಲಾ, ಒಂದು ಕೇಳ್ತೀನಿ. ಕೆಲವು ಹಾಡಿಗೆ ಎಲ್ಲಾರೂ ಬಲಗಾಲಿಲೆ ಸುರು ಮಾಡಿ ಬಲಗಾಲಿಗೇ ಬರ್ತಾರ. ಕೆಲವಕ್ಕ ನಡುವ ಗದ್ದಲ ಆಗ್ತೈತಿ. ಒಬ್ಬಾಕಿ ಎಡಗಾಲು, ಒಬ್ಬಾಕಿ ಬಲಗಾಲು.

ಅಜ್ಜ: ಅದು ಹುಡುಗ್ಯಾರ ತಪ್ಪಲ್ಲ, ತಾಳದ ಲೆಕ್ಕ. ನಮ್ಮ ಭಜನಿ ಪದ ಬಹಳಷ್ಟು ಕೇರವಾದಾಗ ಇರ್ತಾವ, ಸಿನಿಮಾ ಹಾಡೂ ಹಂಗ. ಕೇರವಾ ಅಂದ್ರ ಎಂಟು ಮಾತ್ರಿ. ಏಟಿಗೊಂದು ಹೆಜ್ಜಿ ಇಟ್ರ, ತಿರುಗಿ ಸಮ್ಮಿಗೆ, ಅಂದ್ರ ತಾಳದ ಮೊದಲನೇ ಮಾತ್ರಿಗೆ, ಬಂದಾಗ ಮತ್ತ ಅದ ಬಲಗಾಲ ಬೀಳ್ತೈತಿ. ಹುಡುಗೂರಿಗೆ ಇದರಂಥಾ ಭರವಸೆದ ತಾಳ ಇಲ್ಲ. ದಾದರಾ ಆರು ಮಾತ್ರಿ, ಮೂರು ಮೂರು. ಒಂದು ಮೂರಕ್ಕ ಬಲಗಾಲು ಮುಂದ ಬಂದ್ರ ಇನ್ನೊಂದು ಮೂರಕ್ಕ ಎಡಗಾಲು. ಅಲ್ಲೆ ಮೈ ತೂಗ್ತೈತಿ. ಕೈ ಕೈ ಹಿಡದು ಸಾಲಾಗಿ ತೂಗೂ ಕುಣಿತಕ್ಕ ಅದು ಭಾಳ ಛಲೋ. ರೂಪಕ ಏಳು ಮಾತ್ರಿ. ಈ ಆವರ್ತನಕ್ಕ ಬಲಗಾಲು ಬಿದ್ರ ಮುಂದಿನದಕ್ಕ ಎಡಗಾಲು ಬೀಳಾಕ ಬೇಕು. ನಿಮ್ಮ ಗದ್ದಲದ ಹಾಡು ಹಚ್ಚಿ ಎಣಿಸಿ ನೋಡ್ರಿ, ಎಂಟು ಇರಂಗಿಲ್ಲ. ಏಳನೆತ್ತಿ ಹುಡುಗ್ಯಾರಿಗೆ ಬೇಕಾದ್ರ ಏಳು ಮಾತ್ರಿ ಕಲಸ್ರಿ, ಅವರಿಗೆ ಅದು ಆಟ ಆಗ್ತೈತಿ. ಸಣ್ಣವರಿಗೆ ಎಂಟು ಬಿಟ್ಟು ಹೋಗಬ್ಯಾಡ್ರಿ.

ಅಕ್ಕೋರು: ಹಾಡಿನ ಉದ್ದದ್ದು ಹೆಂಗ ಮಾಡಲಿ? ಸಿನಿಮಾ ಹಾಡು ನಾಕೂವರಿ, ಐದು ನಿಮಿಷ ಇರ್ತಾವ.

ಅಜ್ಜ: 2022ರಾಗ ಸರ್ಕಾರ ನಾಡಗೀತಿಗೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರಿ ನಿಮಿಷ ಅಂತ ಗೊತ್ತು ಮಾಡಿತು. ಸುಮ್ಮ ನಿಂತು ಹಾಡಾಕ ಎರಡೂವರಿ ನಿಮಿಷ ಸಾಕು ಅಂದಮ್ಯಾಲ, ಕುಣಿಯೂ ಸಣ್ಣವರಿಗೆ ಅದಕ್ಕಿಂತ ಹೆಚ್ಚು ಯಾಕ? ದೊಡ್ಡ ಹುಡುಗ್ಯಾರಿಗೆ ಮೂರೂವರಿ ಇರಲಿ. ಪಲ್ಲವಿ, ಒಂದು ಚರಣ, ಮತ್ತ ಪಲ್ಲವಿ. ಕತ್ತರಸೂದು ಮಾತ್ರ ಆವರ್ತನ ಮುಗದ ಮ್ಯಾಲ ಕತ್ತರಸ್ರಿ. ಫೋನಿನ್ಯಾಗ ಕತ್ತರಿಸಿದ ಹಾಡು ನಡು ಏಟಿಗೆ ಹರದು ಮತ್ತೊಂದಕ್ಕ ಕೂಡಿದ್ರ, ಹದಿನೆಂಟು ಹುಡುಗೂರು ಒಮ್ಮೆಲೆ ತಪ್ಪತಾವ. ನೋಡಿದವರು ಹುಡುಗೂರಿಗೆ ಬೈತಾರ.

ಅಕ್ಕೋರು: ಸಾಲು ಬದಲಿ ಮಾಡೂದು ನಾನು ಯಾವಾಗಲೂ ಹಾಡಿನ ನಡುವಿನ ಬರೇ ವಾದ್ಯದ ಜಾಗಕ್ಕ ಇಡ್ತೀನಿ. ಮಾತಿದ್ದಲ್ಲಿ ಅಭಿನಯ, ಮಾತಿಲ್ಲದಲ್ಲಿ ಓಡಾಟ. ಎರಡೂ ಒಂದ ಕಡೆ ಇಟ್ರ ನೋಡವರಿಗೆ ಯಾವುದೂ ಕಾಣಂಗಿಲ್ಲ.

ಅಜ್ಜ: ಅದು ಬಲ್ಲವರ ಮಾತು. ನಮ್ಮ ಪದದಾಗ ಇದಕ್ಕಿಂತ ದೊಡ್ಡ ಅನುಕೂಲ ಐತಿ, ಲಕ್ಷ್ಯ ಕೊಡ್ರಿ. ಗೀಗಿ ಪದ ಇರಲಿ, ಸೋಬಾನ ಇರಲಿ, ಮುಂದಿನವರು ಒಂದು ನುಡಿ ಹೇಳ್ತಾರ, ಹಿಂದಿನವರು ಅದನ್ನ ಎತ್ತಿ ಹಾಡ್ತಾರ. ಒಂದು ಹುಡುಗಿ ಮುಂದ ಬಂದು ಹೊಸಾ ಹೆಜ್ಜಿ ತೋರಸ್ಲಿ, ಹಿಮ್ಮೇಳ ಎತ್ತಿದಾಗ ಉಳಿದವರು ಅದ ಹೆಜ್ಜಿ ಹಾಕ್ಲಿ. ಮರತ ಕೂಸಿಗೆ ಎರಡನೇ ಸಲ ಸಿಕ್ಕೇ ಸಿಗ್ತೈತಿ. ಹಾಡಿನ ಕಟ್ಟೋಣದಾಗ ಕಲಸೂ ಪದ್ಧತಿ ತಾನ ಕೂತೈತಿ. ಸಿನಿಮಾ ಹಾಡು ಮುಂದ ಮುಂದ ಓಡ್ತೈತಿ, ಹಿಂದ ಬಿದ್ದವರನ್ನ ಕಾಯಂಗಿಲ್ಲ.

ಅಕ್ಕೋರು: ಆದ್ರ ಅಜ್ಜಾರ, ಜಾನಪದ ಅಂದಕೂಡ್ಲೆ ಹುಡುಗೂರು ಮೂಗು ಮುರೀತಾವ. ಅವಕ್ಕ ಗೊತ್ತಿದ್ದ ಜಾನಪದ ಅಂದ್ರ ಎಲ್ಲಾ ಸಾಲ್ಯಾಗೂ ವರ್ಷಾ ಹಚ್ಚೂ ಅದ ನಾಕು ರೆಕಾರ್ಡು. ಅದರಾಗೂ ಹೆಚ್ಚಿನವು ಮಾದಪ್ಪನ ಬೆಟ್ಟದ ಕಡೆಯವು.

ಅಜ್ಜ: ಮಾದಪ್ಪನ ಪದ ಛಲೋ ಪದ. ಕಂಸಾಳೆ ಕುಣಿತಕ್ಕ ನಾನೂ ಕೈ ಮುಗೀತೀನಿ. ಆದ್ರ ಅದು ಚಾಮರಾಜನಗರ, ಮೈಸೂರು ಸೀಮಿ ದೇವರಗುಡ್ಡರ ಕುಣಿತ, ಕಂಚಿನ ತಾಳ ಬೀಸಿ ಬಡದು ಕುಣಿಯೂದು. ನಮ್ಮ ಹುಡುಗೂರು ರೆಕಾರ್ಡು ಹಚ್ಚಿ, ತಾಳ ಇಲ್ಲದ ಬರೇ ಕೈ ಬೀಸಿದ್ರ ಅಲ್ಲಿಯವರ ಕಲಾನೂ ಬರಲಿಲ್ಲ, ಇಲ್ಲಿದೂ ಬರಲಿಲ್ಲ. ಇಲ್ಲೇನು ಕಮ್ಮಿ ಐತಿ? ಮೊಹರಮ್ಮಿಗೆ ಹೆಜ್ಜಿ ಮೇಳ ಐತಿ, ಅಲಾಯಿ ಕುಣಿತ ಐತಿ. ಜಾತ್ರಿಗೆ ಕರಡಿ ಮಜಲು ಐತಿ. ಹುಣ್ಣಿಮಿಗೆ ಕೋಲಾಟ ಐತಿ. ಹೋಳಿಗೆ ಜಗ್ಗಲಿಗಿ ಐತಿ.

ಅಕ್ಕೋರು: ಜಗ್ಗಲಿಗಿ ಹುಬ್ಬಳ್ಳಿ ಹೋಳಿ ಮೆರವಣಿಗ್ಯಾಗ ನೋಡೀನ್ರಿ. ಬ್ಯಾಹಟ್ಟಿಯವರದ್ದು.

ಅಜ್ಜ: ಬ್ಯಾಹಟ್ಟಿಯವರು ಅದಕ್ಕ ಹೆಸರಾದವರು. ಚಕ್ಕಡಿ ಗಾಲಿ ಹಳಿಗೆ ಎಮ್ಮಿ ಚರ್ಮ ಬಿಗಿದು ಮಾಡಿದ ವಾದ್ಯ ಅದು. ಆಳೆತ್ತರದ್ದು ಇದ್ರ ರಸ್ತೆದ ಮ್ಯಾಲ ಉರುಳಿಸ್ಕೋತ ಬಾರಸ್ತಾರ. ನಡುವ ಒಬ್ಬಾಂವ ಸಣ್ಣ ಕಣಿ ಹಲಗಿ ಹಿಡಕೊಂಡು ಎಲ್ಲಾರನ್ನೂ ನಡಸ್ತಾನ. ಅಲ್ಲಿ ನೋಡೂವಂಥಾದ್ದು ಏನಂದ್ರ, ಎಲ್ಲಾಕಿಂತಾ ಸಣ್ಣ ದನಿ ಎಲ್ಲಾಕಿಂತಾ ದೊಡ್ಡ ದನಿಗೆ ದಾರಿ ತೋರಸ್ತೈತಿ. ನಿಮ್ಮ ಸ್ಪೀಕರಿನ್ಯಾಗ ಬರೇ ದೊಡ್ಡ ದನಿ ಬರ್ತೈತಿ, ದಾರಿ ತೋರಸವ ಇರಂಗಿಲ್ಲ.

ಅಕ್ಕೋರು: ಇನ್ನೊಂದು ಮಾತು ನನಗ ಯಾವಾಗಲೂ ಕಾಡ್ತೈತಿ. ನಮ್ಮ ಧಾರವಾಡ ಜಿಲ್ಲಾ ಅಂದ್ರ ಸಂಗೀತದ ತವರು ಅಂತಾರ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು. ಆದ್ರ ಡಾನ್ಸ್ ಕಲಸೂ ನನಗ ಅದರಾಗಿಂದ ಒಂದು ಹಾಡು ಎತ್ತಿಕೊಳ್ಳಾಕ ಬರವಲ್ದು.

ಅಜ್ಜ: ಯಾಕಂದ್ರ ಅದು ಕೂತು ಕೇಳೂ ಸಂಗೀತ. ಕುಂದಗೋಳದ ನಾಡಿಗೇರ ವಾಡೇದಾಗ ಸವಾಯಿ ಗಂಧರ್ವರ ನೆನಪಿಗೆ ವರ್ಷಾ ಸಂಗೀತೋತ್ಸವ ನಡೀತೈತಿ. ರಾತ್ರಿಯೆಲ್ಲಾ ಕೂತು ಕೇಳಿದ ಮಂದಿ ನಾವು. ಅಲ್ಲೆ ವಿಲಂಬಿತದಾಗ ಒಂದು ಆವರ್ತನ ಮುಗಿಯೂದ್ರಾಗ ಎರಡನೆತ್ತಿ ಕೂಸು ಅಂಗಳ ಸುತ್ತಿ ಬರ್ತೈತಿ. ಮನ್ಸೂರರು ವಚನ ಹಾಡಿದ್ರ ಮಾತು ತಾಳದ ಮ್ಯಾಲ ಸಡಲಾಗಿ ತೇಲ್ತಿತ್ತು. ಅದರ ಚಂದ ಆ ಸಡಿಲಿನ್ಯಾಗನ ಐತಿ. ಅದಕ್ಕ ಇಪ್ಪತ್ತು ಹುಡುಗೂರನ್ನ ಸಾಲಾಗಿ ಕುಣಸೂದು ವಚನಕ್ಕೂ ಬರೋಬ್ಬರಿ ಅಲ್ಲ, ಹುಡುಗೂರಿಗೂ ಅಲ್ಲ. ಒಬ್ಬ ಬಲ್ಲ ಹುಡುಗಿ ಒಬ್ಬಾಕಿನ ನಿಂತು ಅಭಿನಯ ಮಾಡ್ತಾಳಂದ್ರ ಮಾಡ್ಲಿ. ಈ ನಾಡಿನ್ಯಾಗ ನಿಂತು ಕುಣಿಯೂ ಸಂಗೀತನೂ ಅಷ್ಟ ಹಳೇದು, ಅಷ್ಟ ಘನವಾದದ್ದು. ಅದನ್ನ ಬಾರಿಸಿದವರ ಹೆಸರು ಯಾರೂ ಬರದಿಡಲಿಲ್ಲ, ಅಷ್ಟ. ಹಲಗಿ ಬಡಿಯವರನ್ನ, ಕರಡಿ ಬಾರಸವರನ್ನ ಊರಾಗ ಎಲ್ಲಿ ಕೂಡಸ್ತಿದ್ರು ಅನ್ನೂದು ನನಗೂ ಗೊತ್ತೈತಿ, ನಿಮಗೂ ಗೊತ್ತೈತಿ.

ಅಕ್ಕೋರು: ಗೊತ್ತೈತ್ರಿ.

ಅಜ್ಜ: ಸಿನಿಮಾದವರಿಗೂ ಊರ ವಾದ್ಯದ ಬೆಲೆ ಗೊತ್ತಿತ್ತು. 1977ರಾಗ ಸನಾದಿ ಅಪ್ಪಣ್ಣ ಬಂತು. ನಮ್ಮ ಊರೂರಿನ ಸನಾದಿನ ಅದರ ಕಥಿ. ಅದರಾಗ ಸನಾದಿ ನುಡಿಸಿದವರು ಬಿಸ್ಮಿಲ್ಲಾ ಖಾನರು. ಪರದೆ ಮ್ಯಾಲ ರಾಜಕುಮಾರ ಸನಾದಿ ನುಡಸ್ತಾರ, ಜಯಪ್ರದಾ ಅದಕ್ಕ ಕುಣಿತಾರ. ಅಲ್ಲೆ ವಾದ್ಯ ಕುಣಿಯಾಕಿನ್ನ ನೋಡಿಕೋತ ನಡೀತೈತಿ. ಸಿನಿಮಾ ಹಾಡು ಅಂದ್ರ ನನಗ ಸಿಟ್ಟಿಲ್ಲ ಅಕ್ಕೋರ. ಹಂಗ ಕಟ್ಟಿದ ಹಾಡು ಸಿಕ್ರ ಧಾರಾಳ ತಗೋರಿ.

ಅಕ್ಕೋರು: ನೀವು ಹೇಳೂದು ಕೇಳಿ ಒಂದು ನೆನಪಾತು. ನಾವು ಯಾವಾಗಲೂ ಹಾಡು ಮೊದಲ, ಹೆಜ್ಜಿ ಆಮ್ಯಾಲೆ ಅಂತ ತಿಳಿದೀವಿ. ನೃತ್ಯಗಾರ ಉದಯಶಂಕರರು ಕುಣಿತ ಮೊದಲ ಕಟ್ಟಿ ಆಮ್ಯಾಲೆ ಅದಕ್ಕ ಸಂಗೀತ ಕೂಡಸ್ತಿದ್ರಂತ. ಸಂಗೀತ ವಿಷ್ಣುದಾಸ ಶಿರಾಲಿಯವರದು. 1948ರ ಕಲ್ಪನಾ ಸಿನಿಮಾಕ್ಕೂ ಅವರದ. ಅಮೆರಿಕಾದ ಮರ್ಸ್ ಕನಿಂಗ್‌ಹ್ಯಾಮ್ ಇನ್ನೂ ಮುಂದ ಹೋದ. ಅಂವ ಕುಣಿತ ಕಟ್ಟತಿದ್ದ, ಗೆಳೆಯಾ ಜಾನ್ ಕೇಜ್ ಸಂಗೀತ ಕಟ್ಟತಿದ್ದ, ಒಬ್ಬರದು ಒಬ್ಬರು ಕೇಳದ. ಎರಡೂ ಕೂಡೂದು ರಂಗದ ಮ್ಯಾಲನ. ನಮ್ಮವರ ಪೈಕಿ ಮಾಯಾ ರಾವ್ ಅವರು ಮಾಸ್ಕೋಕ್ಕ ಹೋಗಿ ಕೊರಿಯಾಗ್ರಫಿ ಕಲಿತು ಬಂದು, ಬೆಂಗಳೂರಾಗ ಅದಕ್ಕೊಂದು ಸಂಸ್ಥೆನ ಕಟ್ಟಿದ್ರು. ಕುಣಿತ ಕಟ್ಟೂದು ಒಂದು ಬ್ಯಾರೆ ವಿದ್ಯಾ ಅನ್ನೂದು ಅವರಿಂದ ಎಷ್ಟೋ ಮಂದಿಗೆ ತಿಳೀತು.

ಅಜ್ಜ: ಆ ಅಮೆರಿಕಾದವನ ಪದ್ಧತಿ ನಮ್ಮ ಹುಡುಗೂರಿಗೆ ಒಗ್ಗಂಗಿಲ್ಲ. ಆದ್ರ ಉದಯಶಂಕರರದು ಒಗ್ಗತೈತಿ. ಈ ಸಲ ಒಂದು ಕುಣಿತ ಹಂಗ ಕಟ್ಟಿ ನೋಡ್ರಿ. ಬಿತ್ತೂದು, ಎಡೆ ಹೊಡಿಯೂದು, ರಾಶಿ ಮಾಡೂದು, ತೂರೂದು, ಇವು ಹುಡುಗೂರಿಗೆ ಯಾರೂ ಕಲಸೂದು ಬ್ಯಾಡ, ಮನ್ಯಾಗ ನೋಡ್ಯಾವ. ಮೊದಲ ಅವನ್ನ ಹೆಜ್ಜಿಗೆ ತರ್ರಿ. ಆಮ್ಯಾಲೆ ನನ್ನ ಕರೀರಿ, ಡಗ್ಗಾ ತಗೊಂಡು ಬಂದು ಅವರ ಕೈಕಾಲು ನೋಡಿ ಏಟು ಕೂಡಸ್ತೀನಿ. ಕೂಸು ತಡಾ ಮಾಡಿದ್ರ ನಾ ಒಂದು ಆವರ್ತನ ಕಾಯ್ತೀನಿ. ರೆಕಾರ್ಡು ಕಾಯಂಗಿಲ್ಲ.

ಅಕ್ಕೋರು: ಅದಕ್ಕ ಪದ ಬೇಕಾದ್ರ?

ಅಜ್ಜ: ನಿಮ್ಮ ಹುಡುಗೂರ ಅಜ್ಜ್ಯಾರನ್ನ ಕೇಳ್ರಿ. ಬೀಸೂ ಪದ, ಕುಟ್ಟೂ ಪದ ಬಲ್ಲವರು ಇನ್ನೂ ಅದಾರ. ಆ ಪದ ಹುಟ್ಟಿದ್ದ ಕೈ ಆಡಿಸ್ಕೋತ, ಅದಕ್ಕ ಅದರಾಗ ಮೈಯ ತೂಕ ಐತಿ. ಹಲಸಂಗಿ ಗೆಳೆಯರು 1931ರಾಗ ಗರತಿಯ ಹಾಡು ಅಂತ ಪುಸ್ತಕ ತಂದ್ರು. ತ್ರಿಪದಿ ತುಂಬಿ ತುಳಕ್ಯಾಡ್ತಾವ ಅದರಾಗ. ಮೂರು ಸಾಲಿನ ಪದಕ್ಕ ಹುಡುಗ್ಯಾರನ್ನ ಮೂರು ಸಾಲಾಗಿ ನಿಲ್ಲಿಸಿ, ನುಡಿಗೊಂದು ಸಾಲು ಮುಂದ ತರ್ರಿ. ಏಳನೆತ್ತಿ ಹುಡುಗ್ಯಾರು ತಾವ ಹಾಡಿಕೋತ ಕುಣೀಬಹುದು.

ಅಕ್ಕೋರು: ಹುಡುಗೂರು ಆರಿಸಿಕೊಟ್ಟ ಹಾಡಿನ ಮಾತಿನ ಬಗ್ಗೆ ನೀವು ಏನೂ ಅನ್ನಲಿಲ್ಲ. ನನಗ ಅದ ದೊಡ್ಡ ಚಿಂತಿ. ಎಂಟು ವರ್ಷದ ಹುಡುಗನ ಕೈಯಾಗ ಬಾಟ್ಲಿ ಹಿಡಿಸೂ ಹಾಡು, ಹುಡುಗಿನ್ನ ಕೆಣಕೂ ಹಾಡು ಅದಾವ ಅದರಾಗ. ತಾಳ ಕೇಳಿದ್ರ ಬರೋಬ್ಬರಿ ಎಂಟು ಮಾತ್ರಿ.

ಅಜ್ಜ: ಅಂಥಾದ್ದು ಬ್ಯಾಡ, ತಾಳ ಎಷ್ಟ ಬರೋಬ್ಬರಿ ಇದ್ರೂ ಬ್ಯಾಡ.

ಅಕ್ಕೋರು: ನಾನು ಹಿಂಗ ಮಾಡ್ತೀನಿ. ಹಾಡು ಆರಿಸಿದ ಕೂಸಿಗೆ ಅದರ ಮಾತು ಹಾಳ್ಯಾಗ ಬರದುಕೊಂಡು ಬಾ, ಎಲ್ಲಾರ ಮುಂದ ಗಟ್ಟಿಯಾಗಿ ಓದು ಅಂತೀನಿ. ಓದಾಕ ನಾಚಿಕಿ ಬಂದ ಹಾಡು ತಾವ ವಾಪಸ್ ತಗೋತಾವ. ನಾ ಬ್ಯಾಡ ಅಂದ್ರ ಹಟ ಮಾಡ್ತಾವ. ತಾವ ಓದಿ ಬಿಟ್ಟಿದ್ದಕ್ಕ ಹಟ ಇಲ್ಲ.

ಅಜ್ಜ: ಭಾಳ ಛಲೋ. ಇದನ್ನ ಉಳಿದ ಅಕ್ಕೋರಿಗೂ ಹೇಳ್ರಿ.

ಅಕ್ಕೋರು: ಹಾಡಿನ ಹಕ್ಕಿನ ವಿಚಾರಾನೂ ಒಬ್ಬರು ಹೆದರಿಸಿದ್ರು. ತಿಳಕೊಂಡೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ್ಯಾಗ ಸಾಲಿಗೆ ವಿನಾಯಿತಿ ಐತಿ. ಸಾಲಿ ಕಾರ್ಯಕ್ರಮದಾಗ ವಿದ್ಯಾರ್ಥಿಗಳು, ಶಿಕ್ಷಕರು, ಪಾಲಕರು ಇಷ್ಟ ಮಂದಿ ಕೂತಿದ್ರ ರೆಕಾರ್ಡು ಹಚ್ಚಿದ್ದಕ್ಕ ತಕರಾರಿಲ್ಲ. ಟಿಕೆಟ್ ಇಟ್ಟು ಮಾಡೂ ಡಾನ್ಸ್ ಕ್ಲಾಸಿನ ಕಾರ್ಯಕ್ರಮಕ್ಕ ಆ ವಿನಾಯಿತಿ ಇಲ್ಲ.

ಅಜ್ಜ: ಊರ ವಾದ್ಯಕ್ಕ ಈ ಯಾವ ಕಲಮೂ ಬೇಕಿಲ್ಲ ನೋಡ್ರಿ. ಇನ್ನ, ರಾತ್ರಿ ಹತ್ತರ ಮ್ಯಾಲ ಮೈಕು ಹಚ್ಚಬಾರದು ಅಂತ 2000ದ ನಿಯಮ ಐತಿ. ಭಾಷಣ, ಸತ್ಕಾರ ಮುಗಿಯೂದ್ರಾಗ ಒಂಬತ್ತೂವರಿ ಆಗಿರ್ತೈತಿ. ಸಣ್ಣ ಕೂಸುಗಳು ಮಾರಿಗೆ ಬಣ್ಣ ಹಚ್ಚಿಕೊಂಡು ಅವ್ವನ ತೊಡಿಮ್ಯಾಲ ನಿದ್ದಿ ಹೋಗಿರ್ತಾವ. ಎಬ್ಬಿಸಿ ಕುಣಸ್ತಾರ. ಎಂಥಾ ಹಾಡು ಆರಿಸಿದ್ರೇನು, ನಿದ್ದಿಗಣ್ಣಿನ ಕಾಲಿಗೆ ತಾಳ ಹತ್ತಂಗಿಲ್ಲ. ಸಣ್ಣವರ ಕುಣಿತ ಮೊದಲ ಇಡ್ರಿ, ಭಾಷಣ ಆಮ್ಯಾಲೆ ಆಗ್ಲಿ.

ಅಕ್ಕೋರು: ಅದನ್ನ ಹೆಡ್ ಮಾಸ್ತರಿಗೆ ನಾ ಹೇಳ್ತೀನಿ. ಕರಡಿ ಮಜಲಿನವರನ್ನ ಕರಸೂದು ಹೆಂಗ್ರಿ? ಸಾಲ್ಯಾಗ ರೊಕ್ಕ ಕಮ್ಮಿ.

ಅಜ್ಜ: ಸ್ಪೀಕರಿನ ಬಾಡಿಗಿಗೆ ರೊಕ್ಕ ಎಲ್ಲಿಂದ ಬರ್ತೈತೋ ಅಲ್ಲಿಂದನ ಬರಬೇಕು. ಎರಡು ದೊಡ್ಡ ಬಾಕ್ಸ್ ಕಮ್ಮಿ ಮಾಡ್ರಿ. ಪೂರಾ ಗ್ಯಾದರಿಂಗ್ ವಾದ್ಯದ ಮ್ಯಾಲ ಮಾಡ್ರಿ ಅಂತ ನಾ ಅನ್ನೂದಿಲ್ಲ. ಹುಡುಗೂರ ಸಿನಿಮಾ ಹಾಡೂ ಇರಲಿ, ಓದಿ, ಎಣಿಸಿ, ಕತ್ತರಿಸಿ ಆರಿಸಿದ್ದು. ಆದ್ರ ಪ್ರತಿ ಊರ ಸಾಲಿ ಗ್ಯಾದರಿಂಗಿನ್ಯಾಗ ಒಂದ ಕುಣಿತ ಆದ್ರೂ ಆ ಊರ ವಾದ್ಯದ ಮ್ಯಾಲ ಆಗಬೇಕು. ತಾಲೀಮಿಗೆ ಎರಡು ದಿನಾ ಮೊದಲ ಅವರನ್ನ ಕರಸ್ರಿ, ಹುಡುಗೂರು ಅವರ ಕೈ ನೋಡಿ ಕಲೀಲಿ. ಆ ದಿನಾ ಅವರನ್ನ ಸ್ಟೇಜಿನ ಹಿಂದ, ಕೆಳಗ ಕೂಡಸಬ್ಯಾಡ್ರಿ, ಮ್ಯಾಲನ ಕೂಡಸ್ರಿ. ಅತಿಥಿಗಳ ಹೆಸರು ಹೇಳಿದಂಗ ಅವರ ಹೆಸರೂ ಮೈಕಿನ್ಯಾಗ ಹೇಳ್ರಿ, ಕೈಯಾಗ ಗೌರವಧನ ಕೊಟ್ಟು ಕಳಸ್ರಿ.